ಹೆಗಲಿಗೆ ಬೂದಿ ಅಂಟದ ಕುಂಬಳ

ಆಯುಧಪೂಜೆಯ ಮರುದಿನ ಬೆಳಿಗ್ಗೆ ಮೈಸೂರಿನ ಹೆಬ್ಬಾಳದಲ್ಲಿ ನಡೆದಾಡುವುದಕ್ಕೆ ಸ್ವಲ್ಪ ಎಚ್ಚರ ಬೇಕು. ಕೈಗಾರಿಕಾ ಪ್ರದೇಶದ ಒಂದೊಂದು ಗೇಟಿನ ಮುಂದೆಯೂ, ಗ್ಯಾರೇಜು, ಲೇತ್ ಅಂಗಡಿ, ಆಟೊ ನಿಲ್ದಾಣಗಳ ಮುಂದೆಯೂ ಒಡೆದ ಬೂದುಗುಂಬಳದ ಹೋಳುಗಳು ಬಿದ್ದಿರುತ್ತವೆ. ಬಿಳಿ ತಿರುಳಿಗೆ ಕುಂಕುಮ ಬೆರೆತು, ರಾತ್ರಿಯೆಲ್ಲ ಓಡಾಡಿದ ಲಾರಿಗಳ ಚಕ್ರಕ್ಕೆ ಸಿಕ್ಕಿ, ರಸ್ತೆ ಜಾರುತ್ತಿರುತ್ತದೆ. ಕೆರೆಯ ಕಡೆಯ ಅಡ್ಡರಸ್ತೆಯೊಂದರಲ್ಲಿ ನಾನೂ ನನ್ನ ಗೆಳತಿಯೂ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೇವೆ. ಅವಳು ದಸರೆ ರಜೆಗೆ ಊರಿಗೆ ಹೋಗಿದ್ದಳು. ಅವಳ ಮಂಚದ ಮೇಲೆ ನನ್ನ ಅಜ್ಜಿ ಮಲಗಿದ್ದರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಪಿರಿಯಾಪಟ್ಟಣದ ಕಡೆಯ ನಮ್ಮೂರಿನಿಂದ ಬಂದವರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲಿನಿಂದಲೂ ಮಂಜು.

ಅದೇ ಬೆಳಿಗ್ಗೆ ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು ಫೋನಿಗೆ ಒಂದು ಚಿತ್ರ ಕಳಿಸಿದ್ದಳು. ಉದ್ದಕ್ಕೆ ಸೀಳಿದ ಬಟರ್‌ನಟ್ ಸ್ಕ್ವಾಷ್. ಅದರ ಹೊಟ್ಟೆಯಲ್ಲಿ ಅನ್ನ, ಬೀಜಗಳು, ಒಣದ್ರಾಕ್ಷಿ. ಮೇಲೆ ಓವನ್ನಿನ ಕೆಂಪು. ‘ಇಲ್ಲಿ ಚಳಿ ಶುರುವಾಯ್ತು ಕಣೆ, ಎಲೆ ಉದುರೋ ಕಾಲದಲ್ಲಿ ಇಲ್ಲಿನವರ ಊಟ ಇದು. ನಮ್ಮ ಕಡೆ ಕುಂಬಳಕಾಯಿಗೆ ಹೀಗೆ ತುಂಬಿ ಮಾಡ್ತಿದ್ರಾ? ಅಡುಗೆ ಇತಿಹಾಸ ಓದ್ತಿರೋಳು ನೀನು ತಾನೆ, ಹೇಳು’ ಎಂದು ಕೇಳಿದ್ದಳು.

ನಾನು ಯೋಚಿಸದೆ ಉತ್ತರಿಸಿದೆ: ‘ಮಾಡ್ತಿದ್ರು. ಸುಮಾರು ಒಂಬೈನೂರು ವರ್ಷದಿಂದ.’

ಆ ಉತ್ತರ ತಪ್ಪಾಗಿತ್ತು. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮೂರು ತಿಂಗಳ ಹಿಂದೆ ಒಂದು ವಿಚಾರಸಂಕಿರಣದಲ್ಲಿ ನಾನು ಓದಿದ ಪ್ರಬಂಧದಲ್ಲಿಯೂ ಇದೇ ಮಾತಿತ್ತು, ಪಿಎಚ್.ಡಿ. ಅಧ್ಯಾಯದ ಕರಡಿನಲ್ಲಿಯೂ ಇತ್ತು. ಕರ್ನಾಟಕದಲ್ಲಿ ಹುಟ್ಟಿದ ಹಳೆಯ ಪಾಕಗ್ರಂಥಗಳಲ್ಲಿ ತರಕಾರಿಗಳ ವಿಚಾರವೇ ನನ್ನ ಅಧ್ಯಯನ. ಸಂಸ್ಕೃತ ಪಠ್ಯಗಳಲ್ಲಿ ‘ಕೂಷ್ಮಾಂಡ’ ಎಂಬ ಪದ ಸಿಕ್ಕಾಗಲೆಲ್ಲ ನಾನು ಟಿಪ್ಪಣಿಯಲ್ಲಿ ‘ಕುಂಬಳಕಾಯಿ’ ಎಂದು ಬರೆದುಕೊಂಡಿದ್ದೆ. ಬರೆಯುವಾಗ ಮನಸ್ಸಿನಲ್ಲಿ ಮೂಡುತ್ತಿದ್ದದ್ದು ದೇವರಾಜ ಮಾರುಕಟ್ಟೆಯಲ್ಲಿ ಹೋಳು ಮಾಡಿ ಜೋಡಿಸಿಟ್ಟ ಹಳದಿ ತಿರುಳಿನ ಕುಂಬಳ. ಸಂಕಿರಣದಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಕೇಳಿದ್ದು ಅಜ್ಜಿ.

ಅಂದು ಮಧ್ಯಾಹ್ನ ಅವರು, ‘ಒಂದ್ ಕುಂಬ್ಳಕಾಯಿ ತಂದ್ಬುಡವ್ವ, ಮಜ್ಜಿಗೆಹುಳಿ ಮಾಡಾನ, ನಾಲ್ಗೆ ಕೆಟ್ಟೋಗದೆ’ ಅಂದರು. ತಳ್ಳುಗಾಡಿಯವನ ಬಳಿ ಹೋಗಿ ‘ಕುಂಬಳಕಾಯಿ ಕೊಡಿ’ ಎಂದೆ. ಒಂದು ಕಿಲೊಗಿಂತ ತುಸು ಹೆಚ್ಚು ತೂಗುವ, ಚಪ್ಪಟೆ ದುಂಡನೆಯ, ಕಿತ್ತಳೆ ಬಣ್ಣದ ಕಾಯಿ ಕೊಟ್ಟ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ‘ಅರ್ಕಾ ಸೂರ್ಯಮುಖಿ’ ತಳಿಯ ಕಾಯಿಗಳು ಹೀಗೆಯೇ ಪುಟ್ಟದಾಗಿರುತ್ತವೆ. ಇಬ್ಬರು ಮೂವರಿರುವ ಮನೆಗೆ ಸಾಕು. ತಂದು ಅಜ್ಜಿಯ ಮಡಿಲಲ್ಲಿಟ್ಟೆ. ಅವರು ನೋಡಲಾರರು. ಎರಡೂ ಅಂಗೈಯಿಂದ ಸವರಿದರು, ತಿರುಗಿಸಿದರು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು.

‘ಬೂದಿ ಎಲ್ಲವ್ವ?’

‘ಯಾವ ಬೂದಿ ಅಜ್ಜಿ?’

‘ಕುಂಬ್ಳಕಾಯಿ ಅಂದ್ರೆ ಸೀಗುಂಬ್ಳ ತಂದಿದ್ದೀಯಲ್ಲ! ಇದ್ರಲ್ಲಿ ಯಾರಾದ್ರೂ ಮಜ್ಜಿಗೆಹುಳಿ ಮಾಡ್ತಾರಾ? ಕುಂಬ್ಳಕಾಯಿ ಕಳ್ಳ ಅಂದ್ರೆ ಹೆಗ್ಲು ಮುಟ್ ನೋಡ್ಕೊಂಡ ಅಂತಾರೆ, ಕೇಳಿಲ್ವಾ? ಯಾಕ್ ಮುಟ್ಕೊಂಡ ಹೇಳು?’

ಆ ಗಾದೆ ಕೇಳದ ಕನ್ನಡಿಗರಿಲ್ಲ. ಅಪರಾಧಿಗೆ ತನ್ನ ತಪ್ಪು ತಾನೇ ಕುಟುಕುತ್ತದೆ ಎಂಬ ಅರ್ಥದಲ್ಲಿ ನಾವೆಲ್ಲ ಬಳಸುತ್ತೇವೆ. ಆದರೆ ಕಳ್ಳ ಹೆಗಲನ್ನೇ ಏಕೆ ಮುಟ್ಟಿಕೊಂಡ, ಕೈಯನ್ನೋ ಮಡಿಲನ್ನೋ ಏಕೆ ನೋಡಿಕೊಳ್ಳಲಿಲ್ಲ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬಲಿತ ಬೂದುಗುಂಬಳದ ಸಿಪ್ಪೆಯ ಮೇಲೆ ಬಿಳಿಯ ಪುಡಿ ಕೂತಿರುತ್ತದೆ. ಅದನ್ನು ಹೊಲದಿಂದ ಹೆಗಲ ಮೇಲೆ ಹೊತ್ತು ತಂದರೆ ಪುಡಿ ಹೆಗಲಿಗೆ ಅಂಟುತ್ತದೆ. ಕಳ್ಳ ಸಾಕ್ಷಿ ಒರೆಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ. ಸಿಹಿಗುಂಬಳ ಕದ್ದಿದ್ದರೆ ಅವನ ಹೆಗಲಿಗೆ ಏನೂ ಅಂಟುತ್ತಿರಲಿಲ್ಲ, ಗಾದೆಯೂ ಹುಟ್ಟುತ್ತಿರಲಿಲ್ಲ. ಗಾದೆ ಕಟ್ಟಿದವರ ಬಾಯಲ್ಲಿ ‘ಕುಂಬಳಕಾಯಿ’ ಎಂದರೆ ಬೂದುಗುಂಬಳವೇ. ‘ಬೂದು’ ಎಂದು ಬಿಡಿಸಿ ಹೇಳುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಗಾದೆಗೆ ಇಸವಿ ಹಚ್ಚಲು ಬರುವುದಿಲ್ಲ. ಒಂದೇ ಗಾದೆಯ ಮೇಲೆ ಚರಿತ್ರೆ ಕಟ್ಟುವುದೂ ಸರಿಯಲ್ಲ. ಹಾಗಾಗಿ ಸಂಜೆ ನೆರೆಭಾಷೆಗಳ ಕಡೆ ಹೊರಳಿದೆ. ತೆಲುಗಿನಲ್ಲಿಯೂ ಇದೇ ಗಾದೆ ಇದೆ: ಗುಮ್ಮಡಿಕಾಯಿ ಕಳ್ಳ ಅಂದರೆ ಭುಜ ತಡವಿಕೊಂಡ. ಅಲ್ಲಿಯೂ ಇವತ್ತು ಬಿಳಿಯದಕ್ಕೆ ‘ಬೂಡಿದ ಗುಮ್ಮಡಿ’, ಅಂದರೆ ಬೂದಿಯ ಗುಮ್ಮಡಿ, ಎಂದು ಬಿಡಿಸಿ ಹೇಳುತ್ತಾರೆ. ಮಲಯಾಳದಲ್ಲಿ ಬರೀ ‘ಕುಂಬಳಂ’ ಎಂದರೆ ಇಂದಿಗೂ ಬೂದುಗುಂಬಳ. ಹಳದಿಯದಕ್ಕೆ ‘ಮತ್ತನ್’ ಎಂಬ ಬೇರೆಯೇ ಹೆಸರು. ತಮಿಳರು ಹಳದಿ ಕುಂಬಳವನ್ನು ‘ಪರಂಗಿಕ್ಕಾಯ್’ ಎನ್ನುತ್ತಾರೆ. ಪರಂಗಿ ಎಂದರೆ ಫರಂಗಿ, ಹಡಗಿನಲ್ಲಿ ಬಂದ ಐರೋಪ್ಯ. ಹಳೇ ಮೈಸೂರಿನ ನಮಗೆ ಈ ಪದ ಹೊಸದಲ್ಲ, ಪಪ್ಪಾಯಿಯನ್ನು ನಾವು ಪರಂಗಿ ಹಣ್ಣು ಎಂದೇ ಕರೆಯುತ್ತೇವೆ. ಪಪ್ಪಾಯಿಯ ತವರೂ ಅಮೆರಿಕ ಖಂಡವೇ. ನಮ್ಮ ಕರಾವಳಿ ಮತ್ತು ಮಲೆನಾಡಿನವರು ಸಿಹಿಗುಂಬಳವನ್ನು ‘ಚೀನಿಕಾಯಿ’ ಎಂದು ಕರೆಯುತ್ತಾರೆ. ಅದು ಚೀನಾದ ಗಿಡವಲ್ಲ, ಆದರೂ ಪರದೇಶದ್ದು ಎಂಬ ಗುರುತು ಹೆಸರಿನಲ್ಲಿ ಉಳಿದಿದೆ.

ಮೈಸೂರು ಸೀಮೆಯ ಕನ್ನಡದಲ್ಲಿ ಆದದ್ದು ಸ್ವಲ್ಪ ಬೇರೆ. ಇಲ್ಲಿ ಹೊಸಬನಿಗೆ ‘ಪರಂಗಿ’ ಎಂದೋ ‘ಚೀನಿ’ ಎಂದೋ ಹೆಸರಿಡಲಿಲ್ಲ. ಮನೆಯ ಹೆಸರನ್ನೇ ಕೊಟ್ಟು, ಜೊತೆಗೆ ‘ಸಿಹಿ’ ಎಂದು ಸೇರಿಸಿದರು. ಹಾಗೆ ಕೊಟ್ಟ ಮೇಲೆ ಹಳಬನನ್ನು ಗುರುತಿಸಲು ಅವನಿಗೂ ಒಂದು ವಿಶೇಷಣ ಬೇಕಾಯಿತು, ಅವನು ಬೂದುಗುಂಬಳವಾದ. ಕಾಲ ಕಳೆದಂತೆ ವಿಶೇಷಣವಿಲ್ಲದ ಬರೀ ‘ಕುಂಬಳಕಾಯಿ’ ಹೊಸಬನ ಪಾಲಿಗೆ ಹೋಯಿತು. ಹೆಬ್ಬಾಳದ ತಳ್ಳುಗಾಡಿಯವನಿಗೂ ನನಗೂ ಕುಂಬಳಕಾಯಿ ಎಂದರೆ ಹಳದಿಯದು, ಎಂಬತ್ತು ದಾಟಿದ ಅಜ್ಜಿಗೆ ಬಿಳಿಯದು. ಮೂರು ತಲೆಮಾರಿನ ನಡುವೆ ಒಂದೇ ಪದದೊಳಗಿನ ತರಕಾರಿ ಬದಲಾಗಿತ್ತು. ನಾನು ಆ ಪದವನ್ನೇ ಹಿಡಿದು ಒಂಬೈನೂರು ವರ್ಷ ಹಿಂದಕ್ಕೆ ನಡೆದುಹೋಗಿದ್ದೆ.

ಹಳದಿ ಕುಂಬಳದ ತವರು ಎಲ್ಲಿ ಎಂಬುದರಲ್ಲಿ ಸಸ್ಯವಿಜ್ಞಾನಿಗಳಿಗೆ ಅನುಮಾನವಿಲ್ಲ. ಬೂದುಗುಂಬಳ ಏಷ್ಯಾದ ಬಳ್ಳಿ. ಸೋರೆಯ ಮೂಲ ಆಫ್ರಿಕಾ, ಆದರೆ ಇತಿಹಾಸ ಬರೆಯುವುದಕ್ಕೆ ಬಹಳ ಮುಂಚೆಯೇ ಅದು ಇಲ್ಲಿಗೆ ಬಂದು ನೆಲೆಸಿದೆ. ಕುಕುರ್ಬಿಟ ಎಂಬ ಕುಲಕ್ಕೆ ಸೇರಿದ ಸಿಹಿಗುಂಬಳಗಳು ಮಾತ್ರ ಅಮೆರಿಕ ಖಂಡದವು. ಮೆಕ್ಸಿಕೊದ ಓಹಾಕಾ ಕಣಿವೆಯ ಗಿಲಾ ನಾಕಿಟ್ಸ್ ಎಂಬ ಗವಿಯಲ್ಲಿ ಈ ಕುಲದ, ಮನುಷ್ಯರು ಬೆಳೆಸಿದ ಬೀಜಗಳು ಸಿಕ್ಕಿವೆ. ಅವು ಸುಮಾರು 10,000 ವರ್ಷ ಹಳೆಯವು. ಅಲ್ಲಿನ ಮೂಲನಿವಾಸಿಗಳು ಮುಸುಕಿನ ಜೋಳ, ಹುರುಳಿ ಜಾತಿಯ ಬಳ್ಳಿ, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದರು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲನ್ನು ನೋಡಿದವರಿಗೆ ಆ ಜಾಣ್ಮೆ ವಿವರಿಸಬೇಕಿಲ್ಲ. ‘ಸ್ಕ್ವಾಷ್’ ಎಂಬ ಇಂಗ್ಲಿಷ್ ಪದವೂ ಅಮೆರಿಕದ ಪೂರ್ವ ಕರಾವಳಿಯ ನ್ಯಾರಗ್ಯಾನ್ಸೆಟ್ ಜನರ ನುಡಿಯಿಂದ ಬಂದದ್ದು. ತಂಗಿಯ ಓವನ್ನಿನಲ್ಲಿದ್ದ ಬಟರ್‌ನಟ್ ಮತ್ತು ನಮ್ಮ ಹಿತ್ತಲ ಸಿಹಿಗುಂಬಳಗಳಲ್ಲಿ ಹೆಚ್ಚಿನವು ಒಂದೇ ಪ್ರಭೇದಕ್ಕೆ ಸೇರಿದವು ಎಂದು ತಿಳಿದಾಗ ನನಗೆ ನಗು ಬಂತು. ಅವಳು ಅಲ್ಲಿ ಪರದೇಶಿ, ಕುಂಬಳ ಇಲ್ಲಿ ಪರದೇಶಿ.

ಈಗ ಇಸವಿಗಳನ್ನು ಸಾಲಾಗಿ ಇಡೋಣ. ಕೊಲಂಬಸ್ ಅಮೆರಿಕ ಮುಟ್ಟಿದ್ದು 1492ರಲ್ಲಿ. ವಾಸ್ಕೊ ಡ ಗಾಮನ ಹಡಗುಗಳು ಕೋಳಿಕ್ಕೋಡಿನ ಬಳಿ ಲಂಗರು ಹಾಕಿದ್ದು 1498ರಲ್ಲಿ. ಗೋವೆ ಪೋರ್ಚುಗೀಸರ ವಶವಾದದ್ದು 1510ರಲ್ಲಿ. ಅಮೆರಿಕದ ಬೀಜಗಳು ನಮ್ಮ ನೆಲಕ್ಕೆ ಇಳಿದದ್ದು ಈ ಬಾಗಿಲುಗಳು ತೆರೆದ ಮೇಲೆ. ಹಾಗಾದರೆ ಅದಕ್ಕಿಂತ ಮುಂಚಿನ ಯಾವ ಗ್ರಂಥದಲ್ಲಿ ‘ಕೂಷ್ಮಾಂಡ’ ಬಂದರೂ ಅದು ಬೂದುಗುಂಬಳ. ನವರಾತ್ರಿಯ ನಾಲ್ಕನೆಯ ದಿನ ಪೂಜೆಗೊಳ್ಳುವ ಕೂಷ್ಮಾಂಡಾ ದೇವಿಯ ಹೆಸರಿನಲ್ಲಿರುವುದೂ, ಹೆಬ್ಬಾಳದ ಫ್ಯಾಕ್ಟರಿ ಗೇಟಿನ ಮುಂದೆ ಒಡೆಯುವುದೂ ಅದೇ. ವಿಧಿಗಳು ಹಳಬನ ಕೈ ಬಿಟ್ಟಿಲ್ಲ. ಆಯುಧಪೂಜೆಗೆ ಸಿಹಿಗುಂಬಳ ಒಡೆಯಿರಿ ಎಂದರೆ ಯಾರೂ ಒಪ್ಪುವುದಿಲ್ಲ. ಊಟದ ಮನೆಯಲ್ಲಿ ಹೆಸರು ಕಳೆದುಕೊಂಡವನು ಪೂಜೆಯ ಮನೆಯಲ್ಲಿ ತನ್ನ ಜಾಗ ಉಳಿಸಿಕೊಂಡಿದ್ದಾನೆ.

ಈ ಸಾಲಿನಲ್ಲಿ ಒಂದು ಇಸವಿ ನನ್ನ ಪಾಲಿಗೆ ಬಹಳ ಮುಖ್ಯ. ಕನ್ನಡದ ‘ಸೂಪಶಾಸ್ತ್ರ’ವನ್ನು ಬರೆದ ಮೂರನೆಯ ಮಂಗರಸನ ಕಾಲ 1508ರ ಸುಮಾರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವನ ಊರು. ದೇವರಾಜ ಅರಸು ಅವರ ಊರೆಂದು ಹೆಚ್ಚಿನವರು ಇಂದು ಅದನ್ನು ಬಲ್ಲರು. ಅಜ್ಜಿ ನಮ್ಮೂರಿನಿಂದ ಮೈಸೂರಿಗೆ ಬಂದ ಬಸ್ಸು ಆ ಸೀಮೆಯನ್ನು ಹಾದೇ ಬಂದಿತ್ತು. ಮಂಗರಸ ಜೈನ, ಅವನ ಗ್ರಂಥ ಷಟ್ಪದಿಯಲ್ಲಿದೆ, ಅಡುಗೆಗಳೆಲ್ಲ ಸಸ್ಯಾಹಾರದವು. ಬದನೆಯ ಅಡುಗೆಗಳಿಗೇ ಅದರಲ್ಲಿ ಒಂದು ಅಧ್ಯಾಯ ಮೀಸಲಾಗಿದೆ. ಅವನು ಬರೆಯುತ್ತಿದ್ದಾಗ ಗೋವೆಯಲ್ಲಿ ಪೋರ್ಚುಗೀಸರ ಬಾವುಟ ಇನ್ನೂ ಏರಿರಲಿಲ್ಲ. ಮೆಣಸಿನಕಾಯಿ, ಟೊಮೇಟೊ, ಆಲೂಗೆಡ್ಡೆ, ಕಡಲೆಕಾಯಿ, ಸಿಹಿಗುಂಬಳ ಇಲ್ಲದ ಮೈಸೂರು ಸೀಮೆಯ ಅಡುಗೆಮನೆಯನ್ನು ನೋಡಬೇಕಾದರೆ ಮಂಗರಸನ ಪುಸ್ತಕ ತೆರೆಯಬೇಕು. ಬಾಗಿಲು ತೆರೆಯುವ ಮುಂಚಿನ ಕೊನೆಯ ಚಿತ್ರಗಳಲ್ಲಿ ಅದೂ ಒಂದು.

ಹಾಗಾದರೆ ತಂಗಿಯ ಪ್ರಶ್ನೆಗೆ ಉತ್ತರವೇನು? ಕುಂಬಳವಲ್ಲದಿದ್ದರೂ ‘ತುಂಬುವುದು’ ನಮ್ಮಲ್ಲಿ ಹಳೆಯದೇ?

ಹಳೆಯದೇ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಬದನೆಕಾಯಿಯ ಒಂದು ಅಡುಗೆ ಬರುತ್ತದೆ. ತೊಟ್ಟಿನ ಹತ್ತಿರ ತೂತು ಮಾಡಿ, ಒಳಗಿನ ಬೀಜ ತೆಗೆದು, ಅಲ್ಲಿ ಮಸಾಲೆಯ ಮಾಂಸ ತುಂಬಿ, ಎಣ್ಣೆಯಲ್ಲಿ ಬೇಯಿಸುವುದು. ನಾನು ಸಂಕಿರಣದಲ್ಲಿ ಇದನ್ನೇ ಹಿಡಿದುಕೊಂಡು, ಇನ್ನೊಂದು ಕಡೆ ಸಿಕ್ಕ ಕೂಷ್ಮಾಂಡವನ್ನು ಪಕ್ಕಕ್ಕಿಟ್ಟು, ಎರಡನ್ನೂ ಕೂಡಿಸಿ ‘ತುಂಬಿದ ಕುಂಬಳ’ದ ಪರಂಪರೆಯನ್ನು ಕಟ್ಟಿದ್ದೆ. ಬದನೆ ನಿಜ, ತುಂಬುವುದು ನಿಜ, ಕೂಷ್ಮಾಂಡವೂ ನಿಜ. ನಡುವಿನ ಗಂಟು ಮಾತ್ರ ನನ್ನದು. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ಆಸೆಯಿಂದ ಹಾಕಿದ ಗಂಟು. ನಮ್ಮ ಊಟದ ಬಗ್ಗೆ ಈಗ ಬರುವ ಎಷ್ಟೋ ಬರಹಗಳಲ್ಲಿ ಇಂಥ ಗಂಟುಗಳಿವೆ. ಬೇರೆಯವರದು ಕಂಡಾಗ ನಾನೇ ಹಾಸ್ಯ ಮಾಡಿದ್ದೂ ಇದೆ.

ಇನ್ನೊಂದು ವಿಷಯವನ್ನು ನಾನು ಎಣಿಸಿಯೇ ಇರಲಿಲ್ಲ. ಮಾನಸೋಲ್ಲಾಸದ ಸೋಮೇಶ್ವರ ಚಕ್ರವರ್ತಿ. ಸೂಪಶಾಸ್ತ್ರದ ಮಂಗರಸ ಕಲ್ಲಹಳ್ಳಿಯನ್ನು ಆಳಿದವನು. ಅಡುಗೆಯ ವಿಚಾರವೂ ಬರುವ ‘ಶಿವತತ್ತ್ವರತ್ನಾಕರ’ವನ್ನು 1709ರಲ್ಲಿ ಮುಗಿಸಿದ ಬಸವಪ್ಪ ನಾಯಕ ಕೆಳದಿಯ ದೊರೆ. 1025ರ ಸುಮಾರಿಗೆ ‘ಲೋಕೋಪಕಾರ’ದಲ್ಲಿ ಕನ್ನಡದಲ್ಲೇ ಪಾಕದ ಮಾತು ಬರೆದ ಚಾವುಂಡರಾಯನಿಗೂ ಚಾಲುಕ್ಯರ ಆಸ್ಥಾನದ ಆಶ್ರಯವಿತ್ತು. ನಾಲ್ವರೂ ಗಂಡಸರು; ಮೂವರು ಸಿಂಹಾಸನದ ಮೇಲೆ ಕೂತವರು, ನಾಲ್ಕನೆಯವನು ಅದರ ನೆರಳಿನಲ್ಲಿದ್ದವನು. ಅಡುಗೆಯ ಬಗ್ಗೆ ನನ್ನ ಮೇಜಿನ ಮೇಲಿರುವ ಹಳೆಯ ಪುಸ್ತಕಗಳಲ್ಲಿ ದಿನಾ ಒಲೆಯ ಮುಂದೆ ಕೂತವರು ಬರೆದದ್ದು ಒಂದೂ ಇಲ್ಲ. ಸಿಹಿಗುಂಬಳದ ಮೊದಲ ಬೀಜವನ್ನು ತಿಪ್ಪೆಯ ಪಕ್ಕ ಊರಿ, ಬಳ್ಳಿಯನ್ನು ಮಾಡಿಗೆ ಹಬ್ಬಿಸಿ, ಕಾಯಿಗೆ ‘ಸಿಹಿ’ ಎಂದು ಹೆಸರಿಟ್ಟವರ ತೀರ್ಮಾನ ಯಾವ ಓಲೆಗರಿಯಲ್ಲೂ ದಾಖಲಾಗಲಿಲ್ಲ. ಉಳಿದದ್ದು ಹೆಸರಿನಲ್ಲಿ, ಗಾದೆಯಲ್ಲಿ, ಬೆರಳು ಉಜ್ಜಿ ಬೂದಿ ಹುಡುಕುವ ಅಜ್ಜಿಯ ಕೈಯಲ್ಲಿ.

ಅಷ್ಟು ಹೊತ್ತಿಗೆ ಅಜ್ಜಿಯ ತಕರಾರು ಮುಗಿದಿತ್ತು. ‘ತಂದಿದ್ದಾಗದೆ, ಎಸೆಯಕಾಯ್ತದಾ? ಅದೇನೋ ಪಟ ತೋರುಸ್ತೀನಿ ಅಂತಿದ್ದಲ್ಲ, ಅವ್ಳು ಅದ್ರೊಳಕ್ಕೆ ಏನ್ ತುಂಬವ್ಳೆ?’ ಎಂದರು. ಅನ್ನ, ದ್ರಾಕ್ಷಿ ಎಂದೆ. ‘ಪಾಯಸ ಮಾಡ್ದಂಗೆ’ ಎಂದು ಮೂಗು ಮುರಿದರು. ಆಮೇಲೆ ಒಂದು ಮಾತು ಹೇಳಿದರು: ‘ಹಾಗಲಕಾಯ್ಗೆ ತುಂಬಲ್ವಾ, ತೊಂಡೆಕಾಯ್ಗೆ ತುಂಬಲ್ವಾ, ಅಂಗೇ ಇದಕ್ಕೂ ತುಂಬು.’

ಹಾಗಲ, ತೊಂಡೆ, ಹೀರೆ, ಸೋರೆ, ಕುಂಬಳ ಎಲ್ಲವೂ ಒಂದೇ ಸಸ್ಯಕುಟುಂಬದ ದಾಯಾದಿಗಳು. ಹಾಗಲದ ಹೊಟ್ಟೆ ಸೀಳಿ, ಮಸಾಲೆ ತುಂಬಿ, ದಾರ ಸುತ್ತಿ ಎಣ್ಣೆಯಲ್ಲಿ ಬಾಡಿಸುವುದು ನಮ್ಮ ಮನೆಗಳಲ್ಲಿ ತಿಂಗಳಿಗೊಮ್ಮೆ ನಡೆಯುವ ಕೆಲಸ. ಉತ್ತರ ಕರ್ನಾಟಕದವರು ಎಳೆ ಹೀರೆಗೂ ತುಂಬುತ್ತಾರೆ. ತುಂಬುಗಾಯಿ ಎಂದರೆ ಬದನೆಯ ಎಣ್ಣೆಗಾಯಿ ಎಂದೇ ಮೈಸೂರಿನವರು ತಿಳಿಯುತ್ತಾರೆ, ಅದಕ್ಕೆ ಈರನಗೆರೆ ಬದನೆಯೇ ಆಗಬೇಕು ಎಂದು ಹಟ ಹಿಡಿಯುವವರೂ ಇದ್ದಾರೆ. ಇನ್ನೂ ಹಿಂದಕ್ಕೆ ಹೋದರೆ ತುಂಬುವುದು ಅಡುಗೆಗಿಂತ ಹಳೆಯದಿರಬೇಕು. ಒಣಗಿಸಿದ ಸೋರೆ ಬುರುಡೆಯ ತಿರುಳು ತೆಗೆದು ನಮ್ಮೂರಲ್ಲಿ ಬಿತ್ತನೆ ಬೀಜ ತುಂಬಿಡುತ್ತಿದ್ದರು. ಮಡಕೆಗೆ ಮೊದಲು ಮನುಷ್ಯ ನೀರು ಹೊತ್ತದ್ದು ಇಂಥ ಬುರುಡೆಯಲ್ಲೇ ಇರಬಹುದು.

ನನ್ನ ಮೊದಲ ಪ್ರಯತ್ನ ಹಾಳಾಯಿತು, ಅದನ್ನೂ ಹೇಳಿಬಿಡುತ್ತೇನೆ. ಕಾಯಿಯ ಮೇಲ್ಭಾಗವನ್ನು ಮುಚ್ಚಳದ ಹಾಗೆ ಕೊಯ್ದು, ಅರ್ಧ ಕಾಯಿಗೆ ತುಂಬಿ ಕುಕ್ಕರಿನಲ್ಲಿಟ್ಟು ಎರಡು ಸೀಟಿ ಕೂಗಿಸಿದೆ. ತೆರೆದಾಗ ಒಳಗಿದ್ದದ್ದು ಕೂಟು. ಅಜ್ಜಿ ನಕ್ಕರು. ಕಣ್ಣಿಗೆ ಹೊಗೆ, ಆವಿ ತಗುಲಬಾರದೆಂದು ವೈದ್ಯರು ಹೇಳಿದ್ದರಿಂದ ಅವರು ಅಡುಗೆಮನೆಯ ಹೊಸ್ತಿಲಾಚೆ ಮಣೆಯ ಮೇಲೆ ಕೂತು ಹೇಳುತ್ತಾ ಹೋದರು, ಮರುದಿನ ಇನ್ನೊಂದು ಕಾಯಿ ತಂದು ನಾನು ಮಾಡುತ್ತಾ ಹೋದೆ.

ಒಂದು ಲೋಟ ನವಣೆಯನ್ನು ನೆನೆಸಿ, ಮುಕ್ಕಾಲು ಬೇಯುವಷ್ಟು ಮಾತ್ರ ಬೇಯಿಸಬೇಕು; ಉಳಿದದ್ದು ಕುಂಬಳದ ಹೊಟ್ಟೆಯಲ್ಲಿ ಬೇಯುತ್ತದೆ. ಐದು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಬೀಜ, ಒಂದೊಂದು ಚಮಚ ಕಡಲೆಬೇಳೆ, ಉದ್ದಿನಬೇಳೆ, ಅರ್ಧ ಚಮಚ ಕರಿಮೆಣಸು ಬೇರೆಬೇರೆಯಾಗಿ ಹುರಿದು, ಒಂದು ಹಿಡಿ ಕೊಬ್ಬರಿ ತುರಿಯ ಜೊತೆ ತರಿತರಿಯಾಗಿ ಪುಡಿ ಮಾಡಬೇಕು. ಎರಡು ಚಮಚ ಹುಚ್ಚೆಳ್ಳನ್ನು ಚಟಪಟ ಸಿಡಿಯುವವರೆಗೆ ಹುರಿದು ಬೇರೆಯೇ ಕುಟ್ಟಬೇಕು. ಒಟ್ಟಿಗೆ ಹಾಕಿದರೆ ಮಿಕ್ಸಿಗೆ ಮೆತ್ತಿಕೊಳ್ಳುತ್ತದೆ. ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ, ಅರ್ಧ ಮುರಿದಿದ್ದರೆ ಸಾಕು. ನಿಂಬೆ ಗಾತ್ರದ ಹುಣಸೆಯ ಗಟ್ಟಿ ರಸದಲ್ಲಿ ಸ್ವಲ್ಪ ಬೆಲ್ಲ, ಉಪ್ಪು, ಅರಿಶಿನ ಕಲಸಿ, ಒಗ್ಗರಣೆಯಲ್ಲಿ ಬಾಡಿಸಿದ ಈರುಳ್ಳಿ, ಕರಿಬೇವಿನ ಜೊತೆ ಎಲ್ಲವನ್ನೂ ನವಣೆಗೆ ಸೇರಿಸಬೇಕು. ಸಿಹಿಗುಂಬಳ ತಾನೇ ಸಿಹಿ, ಬೆಲ್ಲಕ್ಕೆ ಕೈ ಬಿಗಿಯಿರಲಿ, ಹುಣಸೆಗೆ ಸಡಿಲವಿರಲಿ ಎಂದರು ಅಜ್ಜಿ. ಬೀಜ ತೆಗೆದ ಕಾಯಿಯ ಒಳಗೋಡೆಗೆ ಉಪ್ಪು, ಹುಣಸೆ ರಸ ಸವರಿ ಕಾಲು ಗಂಟೆ ಬಿಟ್ಟು, ಆಮೇಲೆ ಹೂರಣ ತುಂಬಬೇಕು. ಒತ್ತಿ ತುಂಬಬಾರದು, ನವಣೆ ಅರಳಲು ಎರಡು ಬೆರಳು ಜಾಗವಿರಬೇಕು. ಮುಚ್ಚಳ ಮುಚ್ಚಿ, ಇಡ್ಲಿ ಪಾತ್ರೆಯ ಆವಿಯಲ್ಲಿ ಮುಕ್ಕಾಲು ಗಂಟೆಯ ಆಸುಪಾಸು. ಚಾಕುವಿನ ತುದಿ ಸಿಪ್ಪೆಯೊಳಗೆ ತಡೆಯಿಲ್ಲದೆ ಇಳಿದರೆ ಆಯಿತು. ಕೊನೆಗೆ ಬಾಣಲೆಯಲ್ಲಿ ಎರಡು ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ, ಅದರಲ್ಲಿ ಕಾಯಿಯ ತಳವನ್ನು ಐದು ನಿಮಿಷ ಕೆಂಪಗಾಗಲು ಬಿಟ್ಟೆ. ಓವನ್ನಿನ ಕೆಂಪು ನಮಗೆ ಹೀಗೆ ಸಿಕ್ಕಿತು. ಹಲಸಿನ ತೊಳೆಯಂತೆ ಉದ್ದುದ್ದಕ್ಕೆ ಕೊಯ್ದು, ರಾಗಿ ರೊಟ್ಟಿ, ಮಜ್ಜಿಗೆಯ ಜೊತೆ ಬಡಿಸಿದೆ.

ತಟ್ಟೆಯ ಮುಂದೆ ಕೂತಾಗ ನನ್ನ ಕಸುಬಿನ ಚಟ ಬಿಡಲಿಲ್ಲ. ಇದರಲ್ಲಿ ‘ನಮ್ಮದು’ ಯಾವುದು ಎಂದು ಲೆಕ್ಕ ಹಾಕಲು ಶುರುಮಾಡಿದೆ. ಕುಂಬಳ, ಮೆಣಸಿನಕಾಯಿ, ಕಡಲೆ ಬೀಜ ಅಮೆರಿಕ ಖಂಡದವು. ಹುಚ್ಚೆಳ್ಳಿನ ತವರು ಇಥಿಯೋಪಿಯಾ. ಹುಣಸೆ ಎಂದೋ ಆಫ್ರಿಕಾದಿಂದ ಬಂದು, ‘ಹಿಂದೂಸ್ತಾನದ ಖರ್ಜೂರ’ ಎಂಬ ಅರ್ಥದ ಅರಬ್ಬಿ ಹೆಸರಿನಲ್ಲಿ ಲೋಕಕ್ಕೆಲ್ಲ ನಮ್ಮದಾಗಿ ಪರಿಚಯವಾಯಿತು. ನವಣೆಯನ್ನು ಮೊದಲು ಬೆಳೆದದ್ದು ಉತ್ತರ ಚೀನಾದಲ್ಲಿ. ಕೊತ್ತಂಬರಿ ಮೆಡಿಟರೇನಿಯನ್ ಕಡೆಯದು. ರೊಟ್ಟಿಯ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದದ್ದು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯ ಎದುರು ವಾದಕ್ಕೆ ನಿಲ್ಲಿಸಿ ಗೆಲ್ಲಿಸಿದ ಅದೇ ರಾಗಿ. ಕೊನೆಗೆ ಅನುಮಾನವಿಲ್ಲದೆ ಇಲ್ಲಿನ ಮಣ್ಣಿನವು ಎಂದು ಉಳಿದವುಗಳಲ್ಲಿ ಕರಿಮೆಣಸು, ಕರಿಬೇವು, ಉದ್ದು ಸೇರಿದ್ದವು. ಆ ಕರಿಮೆಣಸನ್ನು ಹುಡುಕಿಕೊಂಡು ಬಂದವರ ಹಡಗುಗಳ ಹಿಂದೆಯೇ ಉಳಿದ ಎಷ್ಟೋ ಬಂದವು. ಲೆಕ್ಕ ನಿಲ್ಲಿಸಿ ಊಟ ಮಾಡಿದೆ.

ಕೆಳಗಿನ ಮನೆಯಲ್ಲಿ ಬಿಹಾರದ ದಂಪತಿ ಇದ್ದಾರೆ. ಗಂಡ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ಅವರಿಗೂ ಎರಡು ಹೋಳು ಕೊಟ್ಟುಬರಲು ಅಜ್ಜಿ ಹೇಳಿದರು. ನನಗೆ ಗೊತ್ತಿದ್ದ ಹಿಂದಿಯಲ್ಲಿ ‘ಕದ್ದು’ ಎಂದು ಪರಿಚಯಿಸಿದೆ. ಆಕೆ ತಲೆಯಾಡಿಸಿ ನಕ್ಕಳು. ಅವರ ಕಡೆ ಕದ್ದು ಎಂದರೆ ಸೋರೆಕಾಯಿಯಂತೆ. ದೀಪಾವಳಿಯ ನಂತರದ ಛಠ್ ಹಬ್ಬ ಶುರುವಾಗುವುದೇ ಆ ಕದ್ದು ಮತ್ತು ಅನ್ನದ ಊಟದಿಂದ. ಇದು ‘ಕೊಹಡಾ’ ಎಂದಳು. ಮೇಲೆ ಬಂದು ಪದಕೋಶ ನೋಡಿದೆ. ಕೊಹಡಾ, ಕುಮ್ಹಡಾ ಎಲ್ಲ ಕೂಷ್ಮಾಂಡದಿಂದಲೇ ಸವೆದು ಬಂದ ರೂಪಗಳು. ಬೂದುಗುಂಬಳದ ಸಂಸ್ಕೃತ ಹೆಸರನ್ನು ಭೋಜಪುರಿಯ ಮನೆಗಳೂ ಕಡಲಾಚೆಯಿಂದ ಬಂದವನಿಗೆ ಬಿಟ್ಟುಕೊಟ್ಟಿದ್ದವು. ಮೈಸೂರಿನಲ್ಲಿ ಆದದ್ದೇ ಅಲ್ಲಿಯೂ ಆಗಿತ್ತು.

ನಮ್ಮಲ್ಲಿ ಎಲ್ಲ ಅತಿಥಿಗಳಿಗೂ ಈ ಮರ್ಯಾದೆ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಮೆಕ್ಸಿಕೊ ಕಡೆಯಿಂದಲೇ ಬಂದ, ಕುಂಬಳದ ಇನ್ನೊಬ್ಬ ದಾಯಾದಿಯನ್ನು ನಾವು ಇಂದಿಗೂ ‘ಸೀಮೆಬದನೆ’ ಎನ್ನುತ್ತೇವೆ. ಸೀಮೆಎಣ್ಣೆ, ಸೀಮೆಸುಣ್ಣಗಳ ಸೀಮೆಯೇ ಅದು, ಹೊರಗಿನದು ಎಂಬ ಮೊಹರು. ತಮಿಳರು ಅದೇ ಕಾಯನ್ನು ‘ಬೆಂಗಳೂರು ಕತ್ತರಿಕ್ಕಾಯ್’, ಅಂದರೆ ಬೆಂಗಳೂರು ಬದನೆ, ಎನ್ನುತ್ತಾರೆ. ನಾವು ಹೊರಗಿನದೆಂದು ಕರೆದದ್ದು ಗಡಿ ದಾಟಿದೊಡನೆ ನಮ್ಮದೇ ಊರಿನ ಹೆಸರು ಹೊತ್ತಿತು. ಶ್ರಾದ್ಧದ ಅಡುಗೆಗೆ ಟೊಮೇಟೊ, ಆಲೂಗೆಡ್ಡೆ ಒಳಗೆ ಬರದ ಮನೆಗಳು ಈಗಲೂ ಬೇಕಾದಷ್ಟಿವೆ. ಪಕ್ಷಮಾಸದ ಬೆನ್ನಿಗೇ ದಸರೆ ಬರುವ ಈ ಶರದೃತುವಿನಲ್ಲಿ ಹದಿನೈದು ದಿನ ಬಾಗಿಲಾಚೆ ನಿಂತ ತರಕಾರಿಗಳು ಆಮೇಲೆ ಹಬ್ಬದ ಎಲೆಯ ತುಂಬ ಕೂರುತ್ತವೆ. ಒಂದೇ ಮನೆ, ಒಂದೇ ತಿಂಗಳಿನ ಅಂತರದಲ್ಲಿ, ಎರಡೂ ರೀತಿ ನಡೆದುಕೊಳ್ಳುತ್ತದೆ.

ರಾತ್ರಿ ತಂಗಿಗೆ ಬರೆದೆ: ‘ನಾನು ಹೇಳಿದ್ದು ತಪ್ಪು. ತುಂಬಿದ ಬದನೆಗೆ ಒಂಬೈನೂರು ವರ್ಷ. ತುಂಬಿದ ಕುಂಬಳಕ್ಕೆ, ನಮ್ಮ ಮನೆಯ ಮಟ್ಟಿಗೆ, ಇವತ್ತೇ ಮೊದಲು.’ ಚಿತ್ರವನ್ನೂ ಕಳಿಸಿದೆ. ಅವಳು ಮರುದಿನ ಹುಚ್ಚೆಳ್ಳು ಅಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಹಕ್ಕಿಗಳಿಗೆ ಹಾಕುವ ಕಾಳಿನ ಪೊಟ್ಟಣದಲ್ಲಿ ಕಪ್ಪಗೆ ಉದ್ದಕ್ಕಿರುವುದನ್ನು ನೋಡು, ಆದರೆ ಅದನ್ನು ತಿನ್ನಬೇಡ, ಅಜ್ಜಿ ಕಳಿಸುತ್ತಾರೆ ಎಂದೆ.

ಅಧ್ಯಾಯದ ಕರಡಿನಲ್ಲಿ ಆ ಪುಟವನ್ನು ತೆಗೆದು ಮತ್ತೆ ಬರೆದಿದ್ದೇನೆ. ‘ಕೂಷ್ಮಾಂಡ’ದ ಎದುರು ‘ಬೂದುಗುಂಬಳ’ ಎಂದು ತಿದ್ದಿ, ಅದಕ್ಕೆ ಒಂದು ಟಿಪ್ಪಣಿ ಸೇರಿಸಿದೆ. ಸಂಕಿರಣದ ಪ್ರಬಂಧ ಅಚ್ಚಾಗುವ ಮೊದಲೇ ತಿದ್ದುಪಡಿ ಕಳಿಸಿದೆ. ಟಿಪ್ಪಣಿಯಲ್ಲಿ ಆಧಾರವಾಗಿ ಏನನ್ನು ಕೊಡುವುದು ಎಂದು ಮಾರ್ಗದರ್ಶಕರನ್ನು ಕೇಳಿದಾಗ, ಗಾದೆಯನ್ನು ಯಾರ ಬಾಯಿಂದ, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಕೇಳಿದೆಯೋ ಅದನ್ನು ಹಾಗೆಯೇ ಬರೆ ಎಂದರು. ಬರೆದೆ.

ದೀಪಾವಳಿಗೆ ಮುಂಚೆ ಅಜ್ಜಿಯ ಕಣ್ಣಿನ ಪಟ್ಟಿ ಬಿಚ್ಚಿದರು. ಊರಿಗೆ ಹೊರಡುವ ದಿನ ಕಿಟಕಿಯ ಬಳಿ ಒಣಗಲು ಹಾಕಿದ್ದ ಆ ಕುಂಬಳದ ಬೀಜಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ, ಜೊಳ್ಳು ಬೇರೆ ಮಾಡಿ, ಗಟ್ಟಿಯಾದವನ್ನು ಪತ್ರಿಕೆಯ ಚೂರಿನಲ್ಲಿ ಕಟ್ಟಿ ಸೆರಗಿಗೆ ಗಂಟು ಹಾಕಿಕೊಂಡರು. ಬೇಸಿಗೆ ಮಳೆ ಬಿದ್ದಾಗ ತಿಪ್ಪೆಯ ಪಕ್ಕ ಊರುತ್ತಾರಂತೆ. ‘ಬೂದುಗುಂಬ್ಳದ ಬೀಜ ನಮ್ಮನೇಲದೆ, ಎರಡೂ ಹಾಕ್ತೀನಿ. ಮುಂದಿನ ಸಲ ಬಂದಾಗ ಯಾವುದ್ ಬೇಕು ಅಂತ ಸರ್ಯಾಗಿ ಕೇಳು’ ಎಂದು ಬಸ್ಸು ಹತ್ತಿದರು.